ಆಯಿಲ್ ಕೂಲರ್ ಹಾಕಿಸುವ ಮುಂಚೆ ಆಯಿಲ್‌ಗೆ ಜ್ವರ ಇದೆಯಾ ನೋಡಿ

ಪ್ರಶ್ನೆ: ನಾನು ಸಕಲೇಶಪುರದವನು. ನನ್ನ ಹತ್ತಿರ 2008ರ ಸ್ವಿಫ್ಟ್ 1.3 ಪೆಟ್ರೋಲ್ ಇದೆ. ಒಂದು ಲಕ್ಷ ಮೂವತ್ತು ಸಾವಿರ ಕಿಲೋಮೀಟರ್ ಓಡಿದೆ. ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ಹೋಗಿ ಬರುತ್ತೇನೆ. ವರ್ಷಕ್ಕೆ ಎರಡು ಮೂರು ಸಲ ಕೊಯಮತ್ತೂರಿನ ಕಾರಿ ಟ್ರ್ಯಾಕ್‌ನಲ್ಲಿ ಓಡಿಸುವ ಹುಚ್ಚೂ ಇದೆ. ಕಳೆದ ಸಲ ಆರೇಳು ಸುತ್ತಾದ ಮೇಲೆ ಆಯಿಲ್ ಲೈಟ್ ಮಿಣಕ್ ಅಂದಿತು. ನೀರಿನ ಮುಳ್ಳು ಮಾತ್ರ ನಡುವೆಯೇ ಇತ್ತು. ಗೆಳೆಯರು 19 ಸಾಲಿನ ಆಯಿಲ್ ಕೂಲರ್, ಅಂದರೆ ಎಂಜಿನ್ ಆಯಿಲ್ ತಣಿಸುವ ಪುಟ್ಟ ರೇಡಿಯೇಟರ್, ಹಾಕಿಸು ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಪೈಪು, ಫಿಟ್ಟಿಂಗು ಎಲ್ಲ ಸೇರಿ ಕಡಿಮೆ ಬೆಲೆಗೆ ಕಿಟ್ ಸಿಗುತ್ತಿದೆ. ಹಾಕಿಸಲಾ?

ಉತ್ತರ: ಈಗಲೇ ಆ ಕಿಟ್ ಕೊಳ್ಳಬೇಡಿ. ನಿಮ್ಮ ಕಾರಿಗೆ ಕೂಲರ್ ಬೇಕಾಗಬಹುದು, ಬೇಡದೆಯೂ ಇರಬಹುದು. ಆಯಿಲ್ ಎಷ್ಟು ಬಿಸಿಯಾಗಿತ್ತು ಅನ್ನುವ ಅಂಕಿಯೇ ನಿಮ್ಮ ಪತ್ರದಲ್ಲಿ ಇಲ್ಲ. ಮೈ ಮುಟ್ಟಿ ನೋಡದೆ ಜ್ವರದ ಮಾತ್ರೆ ಬರೆಯೋಕೆ ಆಗುವುದಿಲ್ಲ, ಅಲ್ವಾ?

ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ. ಆ ಲೈಟ್ ಮಿಣುಕಿದ್ದು ಎಲ್ಲಿ? ಉದ್ದನೆಯ ತಿರುವಿನಲ್ಲಿ ಜೋರಾಗಿ ಹೋಗುವಾಗಲಾ, ಅಥವಾ ಸುತ್ತು ಮುಗಿಸಿ ಪಿಟ್‌ಗೆ, ಅಂದರೆ ಕಾರು ನಿಲ್ಲಿಸುವ ಜಾಗಕ್ಕೆ, ಬಂದು ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ ನಿಂತಾಗಲಾ? ಇವೆರಡೂ ಬೇರೆ ಬೇರೆ ಕಾಯಿಲೆ.

ತಿರುವಿನಲ್ಲಿ ಮಿಣುಕಿದ್ದರೆ ಅದು ಬಿಸಿಯ ತೊಂದರೆ ಅಲ್ಲ. ನಿಮ್ಮ ಎಂಜಿನ್‌ನ ಚೇಂಬರ್‌ನಲ್ಲಿ, ಅಂದರೆ ಸಂಪ್‌ನಲ್ಲಿ, ಇರುವುದೇ ಮೂರು ಮೂರೂವರೆ ಲೀಟರ್ ಆಯಿಲ್. ಕಾರು ಜೋರಾಗಿ ತಿರುಗಿದಾಗ ಬಕೆಟ್‌ನ ನೀರು ಒಂದು ಪಕ್ಕಕ್ಕೆ ಏರಿದ ಹಾಗೆ ಅಷ್ಟೂ ಆಯಿಲ್ ಗೋಡೆ ಹತ್ತುತ್ತದೆ. ಪಂಪಿನ ಬಾಯಿ ಬರಿದಾಗುತ್ತದೆ. ಆ ಅರೆಕ್ಷಣ ಪಂಪು ಆಯಿಲ್ ಬದಲು ಗಾಳಿ ಎಳೆಯುತ್ತದೆ. ಬೇರಿಂಗ್‌ಗಳು ಹಾಳಾಗುವುದು ಹೀಗೇ. ಇದಕ್ಕೆ ಮದ್ದು ಚೇಂಬರ್ ಒಳಗೆ ತಡೆ ತಗಡು ಬೆಸೆಯುವುದು, ಅಂದರೆ ಬ್ಯಾಫಲ್. ಜೊತೆಗೆ ಟ್ರ್ಯಾಕ್‌ಗೆ ಇಳಿಯುವ ಮುಂಚೆ ಡಿಪ್ ಸ್ಟಿಕ್ಕಿನ ಮೇಲಿನ ಗೆರೆ ಮುಟ್ಟುವಷ್ಟು ಆಯಿಲ್ ಇರಬೇಕು. ಅದಕ್ಕಿಂತ ಮೇಲೆ ಬೇಡ. ಗೆರೆ ದಾಟಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ. ಈ ತೊಂದರೆಗೆ ಎಷ್ಟು ದೊಡ್ಡ ಕೂಲರ್ ಹಾಕಿದರೂ ಲೈಟ್ ಮಿಣುಕುತ್ತಲೇ ಇರುತ್ತದೆ.

ಐಡಲ್‌ನಲ್ಲಿ ಮಿಣುಕಿದ್ದರೆ ಆಯಿಲ್ ಬಿಸಿಯಾಗಿ ತೆಳುವಾಗಿದೆ ಅನ್ನುವ ಅನುಮಾನ ಸರಿ. ಜೊತೆಗೆ ಇನ್ನೊಂದು ಅನುಮಾನವನ್ನೂ ಇಟ್ಟುಕೊಳ್ಳಿ. ಒಂದು ಲಕ್ಷ ಮೂವತ್ತು ಸಾವಿರ ಓಡಿದ ಎಂಜಿನ್‌ನಲ್ಲಿ ಬೇರಿಂಗ್ ಸ್ವಲ್ಪ ಸವೆದಿರಬಹುದು. ಪಂಪೂ ಸವೆದಿರಬಹುದು. ಆ ಎಚ್ಚರಿಕೆ ಲೈಟ್ ಹತ್ತುವುದೇ ಪ್ರೆಷರ್ ಅರ್ಧ ಬಾರ್‌ಗಿಂತ ಕೆಳಗೆ ಬಿದ್ದ ಮೇಲೆ. ಅಂದರೆ ಅದು ತುಂಬಾ ತಡವಾಗಿ ಕೂಗುವ ಕಾವಲುಗಾರ. ಮಿಣಕ್ ಅಂದದ್ದನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು.

ಈಗ ಬಿಸಿಯ ವಿಷಯಕ್ಕೆ ಬರೋಣ. ನೀರಿನ ಮುಳ್ಳು ನಡುವೆ ಇದ್ದರೆ ಎಲ್ಲ ಸರಿ ಇದೆ ಎಂದು ಎಷ್ಟೋ ಜನ ನಂಬಿದ್ದಾರೆ. ರೇಡಿಯೇಟರ್ ನೀರು ಸಿಲಿಂಡರ್ ಹೆಡ್ಡು, ಸಿಲಿಂಡರ್ ಗೋಡೆಗಳನ್ನು ತಣಿಸುತ್ತದೆ. ಪಿಸ್ಟನ್‌ನ ಹೊಟ್ಟೆಯ ಭಾಗ, ಕ್ರ್ಯಾಂಕ್ ಬೇರಿಂಗು, ಕ್ಯಾಮ್ ಇವುಗಳ ಬಿಸಿ ಹೊತ್ತು ತರುವುದು ಆಯಿಲ್. ನೀರಿಗೆ ಬಿಸಿ ನೋಡಿ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಇದೆ, ಫ್ಯಾನ್ ಇದೆ. ನಿಮ್ಮ ಸ್ವಿಫ್ಟ್‌ನ ಆಯಿಲ್‌ಗೆ ಚೇಂಬರ್‌ನ ತಗಡಿಗೆ ತಾಗುವ ಗಾಳಿ ಬಿಟ್ಟರೆ ಬೇರೆ ಗತಿಯಿಲ್ಲ. ಹಾಗಾಗಿ ನೀರು 90 ಡಿಗ್ರಿಯಲ್ಲಿ ನಿಂತಿದ್ದರೂ ಆಯಿಲ್ 130 ದಾಟಿರಬಹುದು. ಮುಳ್ಳಿಗೆ ಅದು ಗೊತ್ತೇ ಆಗುವುದಿಲ್ಲ.

ಎಷ್ಟು ಬಿಸಿ ಸರಿ, ಎಷ್ಟು ಜಾಸ್ತಿ? 90ರಿಂದ 110 ಡಿಗ್ರಿ ಆಯಿಲ್‌ಗೆ ಹಿತವಾದ ಜಾಗ. 120 ಬಂದರೂ ಒಳ್ಳೆಯ ಸಿಂಥೆಟಿಕ್ ಆಯಿಲ್ ಆರಾಮಾಗಿ ಇರುತ್ತದೆ. 130 ದಾಟಿ ಅಲ್ಲೇ ನಿಂತರೆ ಯೋಚನೆ ಮಾಡಬೇಕು. 40ರ ಗ್ರೇಡ್ ಆಯಿಲ್ (ಡಬ್ಬದ ಮೇಲಿನ 5ಡಬ್ಲ್ಯು-40ರಲ್ಲಿ ಕೊನೆಯ ಅಂಕಿ) 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ ದಪ್ಪ ಇರಬೇಕು ಎಂಬ ನಿಯಮ ಇದೆ. ಸೆಂಟಿಸ್ಟೋಕ್ಸ್ ಅಂದರೆ ಆಯಿಲ್ ದಪ್ಪದ ಅಳತೆ. 30ರ ಗ್ರೇಡ್ ಆದರೆ 9.3ರಿಂದ 12.5. ಅದೇ ಆಯಿಲ್ 130ಕ್ಕೆ ಹೋದಾಗ ಆ ದಪ್ಪ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಿಸಿ ಪ್ರತಿ 10 ಡಿಗ್ರಿ ಏರಿದಾಗಲೂ ಆಯಿಲ್ ಹಳಸುವ ವೇಗ ಇಮ್ಮಡಿ ಆಗುತ್ತದೆ ಅನ್ನುವುದು ಈ ಕೆಲಸದವರ ಲೆಕ್ಕ.

ಶಿರಾಡಿ ಘಾಟಿಯ ಬಗ್ಗೆ ನಿಮಗೆ ಚಿಂತೆ ಬೇಡ. ಘಟ್ಟ ಹತ್ತುವಾಗ ಎಂಜಿನ್ ಕಷ್ಟಪಡುತ್ತದೆ, ನಿಜ. ಆದರೆ ಎರಡನೇ ಗೇರು, ಮೂರನೇ ಗೇರಿನಲ್ಲಿ ಮೂರು ಸಾವಿರ ಆರ್‌ಪಿಎಂ ಹತ್ತಿರ ಇರುತ್ತದೆ. ಆಯಿಲನ್ನು ಕಾಯಿಸುವುದು ಭಾರಕ್ಕಿಂತ ಹೆಚ್ಚಾಗಿ ಆರ್‌ಪಿಎಂ. ಬೇರಿಂಗ್‌ಗಳ ನಡುವೆ ಆಯಿಲ್ ಎಷ್ಟು ವೇಗವಾಗಿ ಉಜ್ಜಿಸಿಕೊಳ್ಳುತ್ತದೋ ಅಷ್ಟು ಬಿಸಿ. ಕಾರಿ ಟ್ರ್ಯಾಕ್ ಹೆಚ್ಚು ಕಡಿಮೆ 2.1 ಕಿಲೋಮೀಟರ್‌ನದು. ಅಲ್ಲಿ ನೀವು ಐದು ಆರು ಸಾವಿರ ಆರ್‌ಪಿಎಂನಲ್ಲಿ ಬಿಡುವಿಲ್ಲದೆ ಸುತ್ತುತ್ತೀರಿ. ಘಾಟಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಘಾಟಿಯಲ್ಲಿ ಕಾರು ಬಿಸಿಯಾದರೆ ರೇಡಿಯೇಟರ್, ಫ್ಯಾನ್, ಕೂಲಂಟ್ ನೋಡಿಸಿ. ಆಯಿಲ್ ಕೂಲರ್ ಕಡೆ ಹೋಗಬೇಡಿ.

‘ಹಿಮಾಲಯನ್ ಬೈಕಿಗೆ ಕಂಪನಿಯೇ ಆಯಿಲ್ ಕೂಲರ್ ಕೊಟ್ಟಿದೆ, ಪಲ್ಸರ್ 220ಗೂ ಇದೆ, ಕಾರಿಗೆ ಯಾಕೆ ಬೇಡ?’ ಎಂದು ಕೇಳುವವರಿದ್ದಾರೆ. ಹಳೆಯ 411 ಸಿಸಿ ಹಿಮಾಲಯನ್ ಆಗಲಿ, ಪಲ್ಸರ್ 220 ಆಗಲಿ, ಅವುಗಳಲ್ಲಿ ರೇಡಿಯೇಟರ್ ನೀರು ಇಲ್ಲ. ಗಾಳಿ ಬಿಟ್ಟರೆ ಬಿಸಿ ಹೊರುವುದು ಆಯಿಲ್ ಒಂದೇ. ಅಲ್ಲಿ ಕೂಲರ್ ಬೇಕೇ ಬೇಕು. ನಿಮ್ಮ ಕಾರಿನ ಸಂಸಾರ ಬೇರೆ.

ಬೇಡದ ಕೂಲರ್ ಹಾಕಿದರೆ ಏನು ನಷ್ಟ? ನಷ್ಟ ಇದೆ, ಅದೂ ನಿಮ್ಮ ಊರಲ್ಲಿ ಜಾಸ್ತಿ. ಎಂಜಿನ್‌ನಲ್ಲಿ ಪೆಟ್ರೋಲ್ ಉರಿದಾಗ ಸ್ವಲ್ಪ ನೀರಿನ ಆವಿ, ಸ್ವಲ್ಪ ಪೆಟ್ರೋಲ್ ಆಯಿಲ್‌ಗೆ ಸೇರುತ್ತಲೇ ಇರುತ್ತವೆ. ಆಯಿಲ್ ಚೆನ್ನಾಗಿ ಕಾದರೆ ಅವು ಆವಿಯಾಗಿ ಹೋಗುತ್ತವೆ. ಸಕಲೇಶಪುರದ ಆಷಾಢದ ಮಳೆಯಲ್ಲಿ ಮನೆಯಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎಂದು ಐದೈದು ಕಿಲೋಮೀಟರ್ ಓಡಿಸಿದರೆ ಆಯಿಲ್ ಕಾಯುವುದೇ ಇಲ್ಲ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ನೋಡಿ. ಒಳಗೆ ಆಗ ತಾನೇ ಕಡೆದ ಬೆಣ್ಣೆಯ ಹಾಗೆ ಹಳದಿ ಬಿಳುಪಿನ ಕೆನೆ ಕಟ್ಟಿರುತ್ತದೆ. ಅದು ನೀರು ಸೇರಿದ ಆಯಿಲ್. ಇಂಥ ಎಂಜಿನ್‌ಗೆ ಥರ್ಮೋಸ್ಟಾಟ್ ಇಲ್ಲದ ಕೂಲರ್ ಹಾಕಿದರೆ ಆಯಿಲ್ ಅರವತ್ತು ಎಪ್ಪತ್ತು ಡಿಗ್ರಿಯಲ್ಲೇ ಕೊಳೆಯುತ್ತದೆ. ಕಡಿಮೆ ಬೆಲೆಯ ಎಷ್ಟೋ ಕಿಟ್‌ಗಳಲ್ಲಿ ಥರ್ಮೋಸ್ಟಾಟ್ ಇರುವುದಿಲ್ಲ. ನಾನು ಬೇಡ ಎನ್ನುವುದಕ್ಕೆ ಮುಖ್ಯ ಕಾರಣ ಇದೇ.

ಆಯಿಲ್ ಬಿಸಿ ಅಳೆಯುವುದು ಹೇಗೆ? ನಿಮ್ಮ ಕಾರಿನ ಓಬಿಡಿ ಸಾಕೆಟ್‌ಗೆ, ಅಂದರೆ ಎಂಜಿನ್ ಕಂಪ್ಯೂಟರ್ ತಪಾಸಣೆಯ ಸಾಕೆಟ್‌ಗೆ, ಏನು ಸಿಕ್ಕಿಸಿದರೂ ಆಯಿಲ್ ಬಿಸಿ ಕಾಣುವುದಿಲ್ಲ. ಎಂಜಿನ್‌ನಲ್ಲಿ ಆ ಸೆನ್ಸರೇ ಇಲ್ಲ. ಬೇರೆ ಗೇಜ್ ಹಾಕಿಸಬೇಕು. ಡ್ರೈನ್ ಬೋಲ್ಟ್ ಜಾಗದಲ್ಲಿ ಸೆನ್ಸರ್ ಕೂರಿಸುವುದು ಸುಲಭ. ಆದರೆ ನಮ್ಮ ಹಂಪುಗಳಿಗೆ, ತೋಟದ ರಸ್ತೆಯ ಕಲ್ಲಿಗೆ ಅದು ತಾಗಿದರೆ ಕಥೆ ಮುಗಿಯಿತು. ಫಿಲ್ಟರ್ ಮತ್ತು ಬ್ಲಾಕ್ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟ್‌ನಲ್ಲಿ ಸೆನ್ಸರ್ ಹಾಕಿಸುವುದು ವಾಸಿ. ಅಷ್ಟು ಖರ್ಚು ಈಗ ಬೇಡ ಅನಿಸಿದರೆ ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ತೆಗೆದುಕೊಂಡು ಪಿಟ್‌ಗೆ ಬಂದ ತಕ್ಷಣ ಚೇಂಬರ್‌ಗೆ ಹಿಡಿಯಿರಿ. ಹೊಳೆಯುವ ಲೋಹದ ಮೇಲೆ ಅದು ತಪ್ಪು ಅಂಕಿ ತೋರಿಸುತ್ತದೆ. ಅಂಥ ಕಡೆ ಕರಿ ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿ ಅದರ ಮೇಲೆ ಹಿಡಿಯಿರಿ. ಒಳಗಿನ ಆಯಿಲ್ ಆ ಅಂಕಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಪ್ರೆಷರ್ ಗೇಜ್ ಹಾಕಿಸುವಾಗ ಒಂದು ಎಚ್ಚರ. ಜಪಾನಿ ಎಂಜಿನ್‌ಗಳಲ್ಲಿ ಆಯಿಲ್ ಸ್ವಿಚ್‌ನ, ಅಂದರೆ ಆ ಎಚ್ಚರಿಕೆ ಲೈಟ್ ಹತ್ತಿಸುವ ಸ್ವಿಚ್‌ನ, ಥ್ರೆಡ್ ಸಾಮಾನ್ಯವಾಗಿ 1/8 ಬಿಎಸ್‌ಪಿಟಿ, ಇಂಚಿಗೆ 28 ಸುತ್ತು. ಮಾರುಕಟ್ಟೆಯ ಎಷ್ಟೋ ಗೇಜ್ ಸೆನ್ಸರ್‌ಗಳು 1/8 ಎನ್‌ಪಿಟಿ, ಇಂಚಿಗೆ 27 ಸುತ್ತು. ಕಣ್ಣಿಗೆ ಎರಡೂ ಒಂದೇ. ಕೈಯಲ್ಲಿ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ. ನಿಮ್ಮದು ಅಲ್ಯೂಮಿನಿಯಂ ಬ್ಲಾಕ್. ಥ್ರೆಡ್ ಹೋದರೆ, ಎರಡು ಥ್ರೆಡ್ ಹೊಂದಿಸುವ ಪುಟ್ಟ ಅಡಾಪ್ಟರ್‌ನ ದುಡ್ಡು ಉಳಿಸೋಕೆ ಹೋಗಿ ಬ್ಲಾಕನ್ನೇ ಕೆಡಿಸಿದ ಹಾಗೆ.

ಅಂಕಿ ಸಿಕ್ಕಿತು ಎಂದಿಟ್ಟುಕೊಳ್ಳಿ. 120ರ ಒಳಗೇ ಇದ್ದರೆ ಕೂಲರ್ ಮರೆತುಬಿಡಿ. 120ರಿಂದ 130 ಇದ್ದರೆ ಮೊದಲು ಸುಲಭದ ಕೆಲಸ ಮಾಡಿ. ಈಗ ತೆಳು ಗ್ರೇಡ್ ಹಾಕುತ್ತಿದ್ದರೆ ಟ್ರ್ಯಾಕ್‌ಗೆ ಹೋಗುವಾಗ ಫುಲ್ ಸಿಂಥೆಟಿಕ್ 5ಡಬ್ಲ್ಯು-40 ಹಾಕಿ. ಆರೇಳು ಸುತ್ತಿನ ಬದಲು ನಾಲ್ಕು ಸುತ್ತಿಗೆ ಒಳಗೆ ಬನ್ನಿ. ಕೊನೆಯ ಸುತ್ತನ್ನು ಮೇಲಿನ ಗೇರಿನಲ್ಲಿ ನಿಧಾನವಾಗಿ ಹೊಡೆಯಿರಿ. ಬಂದ ತಕ್ಷಣ ಎಂಜಿನ್ ಆಫ್ ಮಾಡಬೇಡಿ. ಇಷ್ಟರಲ್ಲೇ ಎಷ್ಟೋ ಜನರ ತೊಂದರೆ ತೀರುತ್ತದೆ. 130 ದಾಟಿ ಏರುತ್ತಲೇ ಇದ್ದರೆ, ಟ್ರ್ಯಾಕ್ ಬಿಡುವ ಮನಸ್ಸೂ ನಿಮಗಿಲ್ಲದಿದ್ದರೆ, ಆಗ ಕೂಲರ್ ಹಾಕಿಸಿ. ಸರಿಯಾಗಿ ಹಾಕಿಸಿ.

ಕೂಲರ್‌ನಲ್ಲಿ ಎರಡು ಜಾತಿ. ಒಂದು ನೀರಿನಿಂದ ಆಯಿಲ್ ತಣಿಸುವಂಥದ್ದು. ಎಷ್ಟೋ ಡೀಸೆಲ್ ಎಂಜಿನ್‌ಗಳಲ್ಲಿ, ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಕಂಪನಿಯವರೇ ಫಿಲ್ಟರ್ ಹತ್ತಿರ ಇದನ್ನು ಕೂರಿಸಿರುತ್ತಾರೆ. ಇದರ ದೊಡ್ಡ ಗುಣ ಏನೆಂದರೆ ಬೆಳಗ್ಗೆ ಬೇಗ ಕಾದ ನೀರು ಆಯಿಲನ್ನೂ ಕಾಯಿಸುತ್ತದೆ, ಆಮೇಲೆ ಅದೇ ನೀರು ತಣಿಸುತ್ತದೆ. ದಿನಾ ಓಡಿಸುವ ಕಾರಿಗೆ ನನಗೆ ಇದೇ ಇಷ್ಟ. ಆದರೆ ಆ ಬಿಸಿಯೆಲ್ಲ ರೇಡಿಯೇಟರ್ ತಲೆಗೆ ಬರುತ್ತದೆ. ಹಳೇ ರೇಡಿಯೇಟರ್ ಅರ್ಧ ಕಟ್ಟಿಕೊಂಡಿದ್ದರೆ ಹೊಸ ತಲೆನೋವು. ಒಳಗೆ ಸೀಳಿದರೆ ಆಯಿಲ್ ನೀರಿಗೆ ಸೇರಿ ಕೂಲಂಟ್ ಡಬ್ಬದಲ್ಲಿ ಹಾಲು ಜಾಸ್ತಿಯಾದ ಚಹಾ ಕಾಣುತ್ತದೆ. ಇನ್ನೊಂದು ಗಾಳಿಯಿಂದ ತಣಿಸುವಂಥದ್ದು. ನಿಮ್ಮ ಗೆಳೆಯರು ಹೇಳಿದ್ದು ಇದನ್ನೇ. ಟ್ರ್ಯಾಕ್‌ಗೆ ಇದರ ಕೆಲಸ ಜೋರು.

ಗಾಳಿಯ ಕೂಲರ್ ಆದರೆ 19 ಸಾಲು ನಿಮಗೆ ಬೇಡ. ಟರ್ಬೊ ಇಲ್ಲದ 1298 ಸಿಸಿ ಎಂಜಿನ್‌ಗೆ 10 ಅಥವಾ 13 ಸಾಲು ಸಾಕು. ತಗಡುಗಳನ್ನು ಒಂದರ ಮೇಲೊಂದು ಜೋಡಿಸಿದ, ಸ್ಟ್ಯಾಕ್ಡ್ ಪ್ಲೇಟ್ ಅನ್ನುವ ಬಗೆಯದನ್ನೇ ತೆಗೆದುಕೊಳ್ಳಿ. ಸ್ವೀಡನ್ನಿನ ಸೆಟ್ರಾಬ್, ಇಂಗ್ಲೆಂಡಿನ ಮೋಕಾಲ್ ಈ ಕೆಲಸಕ್ಕೆ ಹಳೆಯ ಹೆಸರುಗಳು. ಗುಜರಿಯಲ್ಲಿ ಹಳೇ ಕೂಲರ್ ಸಿಕ್ಕಿತು ಎಂದು ಆಸೆ ಪಡಬೇಡಿ. ಅದು ಸೀಜ್ ಆದ ಎಂಜಿನ್‌ನದ್ದಾಗಿದ್ದರೆ ಬೇರಿಂಗ್‌ನ ಲೋಹದ ಪುಡಿ ಆ ತಗಡುಗಳ ಸಂದಿಯಲ್ಲಿ ಕೂತಿರುತ್ತದೆ. ಎಷ್ಟು ಪೆಟ್ರೋಲ್ ಹಾಕಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ‘ಕೂಲರ್ ಆದ ಮೇಲೆ ಫಿಲ್ಟರ್ ಇದೆಯಲ್ಲ’ ಅನ್ನಬಹುದು. ಚಳಿಯ ಬೆಳಗ್ಗೆ ಆಯಿಲ್ ದಪ್ಪ ಇದ್ದಾಗ ಫಿಲ್ಟರ್‌ನ ಬೈಪಾಸ್ ವಾಲ್ವ್ ತೆರೆಯುತ್ತದೆ. ಆಗ ಆ ಪುಡಿ ನೇರ ನಿಮ್ಮ ಬೇರಿಂಗ್‌ಗೆ ಹೋಗುತ್ತದೆ.

ಸ್ಯಾಂಡ್‌ವಿಚ್ ಪ್ಲೇಟ್ ಥರ್ಮೋಸ್ಟಾಟ್ ಇರುವಂಥದ್ದೇ ಬೇಕು. ಸುಮಾರು 80 ಡಿಗ್ರಿಗೆ ತೆರೆಯುವಂಥದ್ದು ಸಿಗುತ್ತದೆ. ಅಲ್ಲಿಯವರೆಗೆ ಹೆಚ್ಚಿನ ಆಯಿಲ್ ಕೂಲರ್‌ಗೆ ಹೋಗದೆ ಒಳಗೇ ಸುತ್ತುತ್ತದೆ. ಸ್ವಲ್ಪ ಮಾತ್ರ ಯಾವಾಗಲೂ ಹರಿಯಲು ಬಿಟ್ಟಿರುತ್ತಾರೆ. ಹಾಗಾಗಿ ಕೂಲರ್‌ನಲ್ಲಿ ಗಾಳಿ ನಿಲ್ಲುವುದಿಲ್ಲ. ಥ್ರೆಡ್ ಯಾವುದು ಎಂದು ಊಹೆ ಮಾಡಬೇಡಿ. ಎಂ20×1.5 ಮತ್ತು 3/4 ಇಂಚಿನ 16 ಯುಎನ್‌ಎಫ್, ಈ ಎರಡೂ ಚಾಲ್ತಿಯಲ್ಲಿವೆ, ಎರಡರ ಗಾತ್ರವೂ ಹತ್ತಿರ ಹತ್ತಿರ. ಹಳೇ ಫಿಲ್ಟರನ್ನು ಅಂಗಡಿಗೇ ತೆಗೆದುಕೊಂಡು ಹೋಗಿ ಪ್ಲೇಟ್‌ನ ಬೋಲ್ಟ್‌ಗೆ ಕೈಯಲ್ಲಿ ತಿರುಗಿಸಿ ನೋಡಿ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋದರೂ ಅದೇ ಕೆಲಸ ಮಾಡಿ.

ಕೂರಿಸುವಾಗ ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಬ್ಲಾಕ್‌ಗೆ ಅಂಟಿ ಉಳಿದಿದೆಯಾ ಎಂದು ಬೆರಳಾಡಿಸಿ ನೋಡಿ. ಅದರ ಮೇಲೆ ಹೊಸದು ಕೂತರೆ ಮೊದಲ ಪ್ರೆಷರ್‌ಗೇ ಪಿಚಕಾರಿ ಹೊಡೆಯುತ್ತದೆ. ಪೈಪಿನ ಫಿಟ್ಟಿಂಗ್ ಬಾಯಿಗೆ ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತುವ ಅಭ್ಯಾಸ ನಮ್ಮಲ್ಲಿದೆ. ಕೋನದ ಮೇಲೆ ಕೂರುವ ಎಎನ್ ಫಿಟ್ಟಿಂಗ್‌ಗಳಿಗೆ ಅದು ಬೇಡವೇ ಬೇಡ. ಅಲ್ಲಿ ಲೋಹಕ್ಕೆ ಲೋಹವೇ ಕೂತು ಸೀಲ್ ಆಗುತ್ತದೆ. ಆ ಟೇಪಿನ ಎಳೆ ಕಿತ್ತು ಒಳಗೆ ಹೋದರೆ ಆಯಿಲ್ ದಾರಿಯನ್ನು ಕಟ್ಟಬಹುದು.

ಪೈಪಿನ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ. ಕೂಲರ್ ಹಾಕಿಸಿದವರು ಎಂಜಿನ್ ಕಳೆದುಕೊಳ್ಳುವುದು ಹೆಚ್ಚಾಗಿ ಪೈಪಿನಿಂದಲೇ. ಒಳ ಅಗಲ ಅರ್ಧ ಇಂಚಿಗಿಂತ ಕಡಿಮೆ ಬೇಡ. ರೇಡಿಯೇಟರ್ ಪೈಪು, ಸಾದಾ ಪೆಟ್ರೋಲ್ ಪೈಪು ಇದಕ್ಕೆ ಆಗುವುದಿಲ್ಲ. ಹಾಸನದಲ್ಲಿ, ನಿಮ್ಮ ಊರಲ್ಲೂ, ಜೆಸಿಬಿ, ಟ್ರ್ಯಾಕ್ಟರ್‌ಗೆ ಹೈಡ್ರಾಲಿಕ್ ಪೈಪು ಕ್ರಿಂಪ್ ಮಾಡಿಕೊಡುವವರು, ಅಂದರೆ ಪೈಪಿನ ತುದಿಗೆ ಫಿಟ್ಟಿಂಗ್ ಒತ್ತಿ ಕೂರಿಸುವವರು, ಇದ್ದೇ ಇರುತ್ತಾರೆ. ಅವರ ಕ್ರಿಂಪ್ ಗಟ್ಟಿ. ನಿಮ್ಮ ಎಂಜಿನ್ ಪ್ರೆಷರ್ ಆ ಪೈಪಿಗೆ ಲೆಕ್ಕವೇ ಅಲ್ಲ. ಆದರೆ ಸಾಮಾನ್ಯ ಹೈಡ್ರಾಲಿಕ್ ಪೈಪಿನ ಬಿಸಿಯ ಮಿತಿ 100 ಡಿಗ್ರಿ. ನಿಮ್ಮ ಆಯಿಲ್ 130. ಒಂದೆರಡು ವರ್ಷದಲ್ಲಿ ರಬ್ಬರ್ ಒಣ ಕಡ್ಡಿಯಾಗಿ ಬಿರಿಯುತ್ತದೆ. ‘ಹೈ ಟೆಂಪರೇಚರ್ ಪೈಪು, 150 ಡಿಗ್ರಿ ತಡೆಯುವಂಥದ್ದು’ ಎಂದೇ ಕೇಳಿ. ಪೈಪಿನ ಮೇಲೆ ಬರೆದದ್ದನ್ನು ಓದಿಯೇ ತೆಗೆದುಕೊಳ್ಳಿ.

ಸ್ಟೀಲ್ ಜಾಲರಿಯ ಪೈಪು ನೋಡೋಕೆ ಚಂದ. ಆದರೆ ಅದು ತಾಗಿದ್ದನ್ನೆಲ್ಲ ಅರದ ಹಾಗೆ ತಿನ್ನುತ್ತದೆ. ನನ್ನ ಹಳೇ ಎಸ್ಟೀಮ್‌ಗೆ ನಾನೇ ಕೂಲರ್ ಹಾಕಿದ್ದೆ. ಪೈಪನ್ನು ನೀಟಾಗಿ ಎಳೆದು ಒಂದು ಬ್ರಾಕೆಟ್‌ಗೆ ಟೈ ಹಾಕಿ ಕಟ್ಟಿದ್ದೆ. ಎಂಜಿನ್ ತನ್ನ ಮೌಂಟಿಂಗ್ ಮೇಲೆ ಹಿಂದೆ ಮುಂದೆ ಅಲುಗುತ್ತದೆ, ಬ್ರಾಕೆಟ್ ಅಲುಗುವುದಿಲ್ಲ. ನೀಟಾಗಲಿ ಎಂದು ಪೈಪಿಗೆ ಸಡಿಲವೇ ಬಿಟ್ಟಿರಲಿಲ್ಲ. ಎರಡು ತಿಂಗಳಲ್ಲಿ ಟೈ ಕಿತ್ತು ಪೈಪು ಬ್ರಾಕೆಟ್ ಅಂಚಿಗೆ ಉಜ್ಜತೊಡಗಿತು. ಚಾರ್ಮಾಡಿ ಹತ್ತುವಾಗ, ಕೊಟ್ಟಿಗೆಹಾರ ಇನ್ನೂ ಐದಾರು ಕಿಲೋಮೀಟರ್ ಇರುವಾಗ, ಬಾನೆಟ್ ಸಂದಿಯಿಂದ ನೀಲಿ ಹೊಗೆ ಬಂತು. ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಬಿದ್ದ ವಾಸನೆ. ಲೈಟ್ ಹತ್ತುವ ಮೊದಲೇ ಆಫ್ ಮಾಡಿದೆ. ಕೆಳಗೆ ಬಗ್ಗಿ ನೋಡಿದರೆ ಸೂಜಿ ಮೊನೆಯಷ್ಟು ತೂತು, ಅದರಿಂದ ಕೂದಲೆಳೆಯಷ್ಟು ಆಯಿಲ್. ಅಷ್ಟರಲ್ಲೇ ಒಂದು ಲೀಟರ್ ರಸ್ತೆಗೆ ಹೋಗಿತ್ತು. ಅಂದಿನಿಂದ ಪೈಪಿಗೆ ಒಂದು ಗೇಣು ಸಡಿಲ ಬಿಡುತ್ತೇನೆ. ಒಳಗೆ ರಬ್ಬರ್ ಇರುವ ಪಿ-ಕ್ಲಿಪ್ಪನ್ನೇ ಹಾಕುತ್ತೇನೆ. ತಾಗುವ ಕಡೆ ಹಳೇ ರಬ್ಬರ್ ಪೈಪನ್ನು ಸೀಳಿ ತೋಳಿನ ಹಾಗೆ ಹೊದಿಸುತ್ತೇನೆ.

ಕೂಲರ್ ಎಲ್ಲಿ ಕೂರಿಸುವುದು? ಏಸಿ ಕಂಡೆನ್ಸರ್ ಮುಂದೆ ಅಂಟಿಸಿ ಕೂರಿಸಿದರೆ ರೇಡಿಯೇಟರ್‌ಗೆ ಹೋಗುವ ಗಾಳಿಯನ್ನೇ ಕಾಯಿಸಿ ಕಳಿಸಿದ ಹಾಗೆ. ಬಂಪರ್‌ನ ಒಂದು ಪಕ್ಕದಲ್ಲಿ, ಫಾಗ್ ಲೈಟ್ ಹಿಂದೆ ಕೂರಿಸುವುದು ಒಳ್ಳೆಯದು. ಗಾಳಿ ಸುಮ್ನೆ ಪಕ್ಕದಿಂದ ನುಸುಳಿ ಹೋಗದ ಹಾಗೆ ಅಲ್ಯೂಮಿನಿಯಂ ತಗಡಿನಲ್ಲಿ ಒಂದು ಡಬ್ಬಿ ಮಾಡಿ. ಹೊರಗೆ ಹೋಗೋಕೂ ದಾರಿ ಬೇಕು, ಚಕ್ರದ ಕಡೆಗೆ ಬಿಟ್ಟರೆ ಸಾಕು. ಮುಂದೆ ಕಲ್ಲು ತಡೆಯುವ ಜಾಲರಿ ಹಾಕಿ. ಪೈಪು ಸೇರುವ ಬಾಯಿಗಳು ಮೇಲಕ್ಕೆ ಇರಲಿ. ಕೆಳಮುಖ ಮಾಡಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಆತುರ ಬೇಡ. ಕೂಲರ್ ಒಳಗೆ ಮೊದಲೇ ಆಯಿಲ್ ತುಂಬಿಸಿ. ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಹತ್ತು ಸೆಕೆಂಡಿಗೊಮ್ಮೆ ಬಿಡುವು ಕೊಡುತ್ತಾ, ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಹೊಡೆಯಿರಿ. ಆಮೇಲೆ ಫ್ಯೂಸ್ ಹಾಕಿ ಐಡಲ್‌ನಲ್ಲಿ ಬಿಡಿ. ಟಾರ್ಚ್ ಹಿಡಿದು ಒಂದೊಂದು ಜೋಡಣೆಗೂ ಬಿಳಿ ಬಟ್ಟೆ ಒತ್ತಿ ನೋಡಿ. ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್ ಸ್ಟಿಕ್ ನೋಡಿ, ಕೂಲರ್ ಮತ್ತು ಪೈಪು ಕುಡಿದಷ್ಟು ಆಯಿಲ್ ಮತ್ತೆ ಹಾಕಿ. ಥರ್ಮೋಸ್ಟಾಟ್ ಕೆಲಸ ಮಾಡುತ್ತಿದೆಯಾ ಎಂದು ತಿಳಿಯೋಕೆ ಕೈ ಸಾಕು. ಎಂಜಿನ್ ಕಾಯುವವರೆಗೆ ಕೂಲರ್ ತಣ್ಣಗೆ ಇರಬೇಕು, ಒಂದು ಸುತ್ತು ಓಡಿಸಿ ಬಂದ ಮೇಲೆ ಬಿಸಿಯಾಗಿರಬೇಕು. ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಜೋಡಣೆ ಇನ್ನೊಮ್ಮೆ ಬಿಗಿ ಮಾಡಿ.

ಇಷ್ಟೆಲ್ಲ ಬರೆದದ್ದು ಕೂಲರ್ ಬೇಕೆಂದು ತೀರ್ಮಾನ ಆದರೆ ಮಾತ್ರ. ನಿಮ್ಮ ಕಾರಿನದು ಜಿಪ್ಸಿ, ಎಸ್ಟೀಮ್ ವಂಶದ ಎಂಜಿನ್. ನೋಡಿಕೊಂಡರೆ ಇನ್ನೂ ತುಂಬಾ ದೂರ ಬರುತ್ತದೆ. ಸದ್ಯಕ್ಕೆ ಟ್ರ್ಯಾಕ್‌ಗೆ ಹೋಗಬೇಡಿ. ನಿಮ್ಮ ಮೆಕ್ಯಾನಿಕ್ ಹತ್ತಿರ ಆಯಿಲ್ ಸ್ವಿಚ್ ಬಿಚ್ಚಿಸಿ ಮೆಕ್ಯಾನಿಕಲ್ ಪ್ರೆಷರ್ ಗೇಜ್ ಹಾಕಿಸಿ. ಘಾಟಿ ಹತ್ತಿ ಬಂದು ಎಂಜಿನ್ ಚೆನ್ನಾಗಿ ಕಾದಿರುವಾಗ ನೋಡಬೇಕು, ತಣ್ಣಗಿರುವಾಗ ನೋಡಿದರೆ ಪ್ರಯೋಜನ ಇಲ್ಲ. ಐಡಲ್‌ನಲ್ಲಿ ಎಷ್ಟು, ಮೂರು ಸಾವಿರ ಆರ್‌ಪಿಎಂನಲ್ಲಿ ಎಷ್ಟು, ಎರಡೂ ಅಂಕಿ ಬರೆದಿಟ್ಟುಕೊಳ್ಳಿ. ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್‌ಐ ಪ್ರೆಷರ್ ಅನ್ನುವುದು ಹಳೇ ಮೆಕ್ಯಾನಿಕ್‌ಗಳ ಲೆಕ್ಕ. ಮೂರು ಸಾವಿರದಲ್ಲಿ ಮೂವತ್ತರ ಹತ್ತಿರ ಇದ್ದರೆ ಬೇರಿಂಗ್ ಬಗ್ಗೆ ಧೈರ್ಯವಾಗಿರಿ. ಅದಕ್ಕಿಂತ ತೀರಾ ಕೆಳಗಿದ್ದರೆ ಕೂಲರ್ ದುಡ್ಡನ್ನು ಚೇಂಬರ್ ಬಿಚ್ಚಿಸಿ ಬೇರಿಂಗ್ ನೋಡಿಸೋಕೆ ಇಟ್ಟುಕೊಳ್ಳಿ. ಆ ಎರಡು ಅಂಕಿಗಳನ್ನೂ, ಲೈಟ್ ಮಿಣುಕಿದ್ದು ತಿರುವಿನಲ್ಲಾ ಐಡಲ್‌ನಲ್ಲಾ ಅನ್ನುವುದನ್ನೂ ನನಗೆ ಬರೆದು ಕಳಿಸಿ.